ಮರದಲ್ಲಿ ಮೂಡಿದ ಭಕ್ತಿ: ಸಂತ ಫ್ರಾನ್ಸಿಸ್ ಝೇವಿಯರರೂ ನಮ್ಮ ಹಳೆಯ ಸ್ವರೂಪಗಳೂ

ಸಂತ ಫ್ರಾನ್ಸಿಸ್ ಝೇವಿಯರರು ನಮ್ಮ ಸೀಮೆಗೆ ಕಾಲಿಟ್ಟವರಲ್ಲ. 1542ರ ಮೇ 6ರಂದು ಗೋವೆಯಲ್ಲಿಳಿದ ಅವರು ಕರಾವಳಿಯ ಜನರ ನಡುವೆ ದುಡಿದು, 1552ರ ಡಿಸೆಂಬರ್ 3ರಂದು ಚೀಣಾದೇಶದ ಹೊಸ್ತಿಲಲ್ಲಿರುವ ದ್ವೀಪವೊಂದರಲ್ಲಿ ದೈವಾಧೀನರಾದರು. ಆದರೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಥೋಲಿಕರಾದ ನಮಗೆ ಅವರು ಪರಕೀಯರೆನಿಸುವುದಿಲ್ಲ. ಅವರು ಸೇರಿದ್ದ ಯೇಸುಸಭೆಯ ಗೋವಾ ಪ್ರಾಂತ್ಯದಿಂದಲೇ 1648ರ ಸುಮಾರಿಗೆ ಲಿಯೊನಾರ್ದೊ ಚಿನ್ನಾಮಿ ಸ್ವಾಮಿಗಳು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಆರಂಭಿಸಿದರು.

ಈ ಸಂತರಿಗೂ ಮರದ ಕೆತ್ತನೆಗೂ ಬಾಲ್ಯದ ನಂಟು. ಸ್ಪೇನಿನ ನವಾರ್ರೆಯಲ್ಲಿ ಅವರು ಹುಟ್ಟಿದ ಕೋಟೆಮನೆಯಲ್ಲಿ ಅಕ್ರೋಟು ಮರದಲ್ಲಿ ಕಡೆದ ಶಿಲುಬೆಯೇಸುವಿನ ಸ್ವರೂಪವೊಂದು ಇಂದಿಗೂ ಇದೆ. ಆ ಮುಖದಲ್ಲಿ, ಮರಣವೇದನೆಯ ನಡುವೆಯೂ, ಕಿರುನಗೆಯಿದೆ! ಮೊಲುಕ್ಕಾ ದ್ವೀಪಗಳ ಬಳಿ ಕಡಲುಪಾಲಾದ ಅವರ ಶಿಲುಬೆಯನ್ನು ಏಡಿಯೊಂದು ದಡಕ್ಕೆ ತಂದೊಪ್ಪಿಸಿತೆಂಬ ಐತಿಹ್ಯವೂ ಪ್ರಸಿದ್ಧ. ಕೆಲವು ಶಿಲ್ಪಿಗಳು ಅವರ ಪಾದದ ಬಳಿ ಏಡಿಯನ್ನು ಕೆತ್ತುವುದು ಇದರಿಂದಲೇ.

ಗೋವೆಯ ದೇವಾಲಯಗಳ ಪೀಠಗಳನ್ನೂ ಸ್ವರೂಪಗಳನ್ನೂ ಕೆತ್ತಿದವರಾರು? ಕ್ರೈಸ್ತೇತರರು ಪವಿತ್ರ ವಸ್ತುಗಳನ್ನು ಮಾಡಕೂಡದೆಂದು 1567ರ ಗೋವೆಯ ಪ್ರಾಂತೀಯ ಧರ್ಮಸಭೆ ವಿಧಿಸಿತು. ವಿಧಿ ಕಾಗದದಲ್ಲುಳಿಯಿತು, ಉಳಿ ಹಿಂದೂ ಆಚಾರಿಗಳ ಕೈಯಲ್ಲೇ ಉಳಿಯಿತು. ದೇವದೂತರಿಗೆ ನಮ್ಮ ನಾಡಿನ ಮುಖ ಬಂದದ್ದು, ಅಂಚುಗಳಲ್ಲಿ ನಮ್ಮ ಹೂಬಳ್ಳಿ ಹಬ್ಬಿದ್ದು ಹೀಗೆ. ಇದನ್ನು ಲೋಪವೆನ್ನಲು ನಾವು ಸಿದ್ಧರಿಲ್ಲ.

ಹೊಯ್ಸಳರ ಕಲ್ಲುಕೆಲಸದ ಮಗ್ಗುಲಲ್ಲೇ ಬೆಳೆದ ನಮಗೆ ಮರ ಅಲ್ಪಾಯುವೆಂದು ತೋರುವುದು ಸಹಜ. ಆದರೆ ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯವನ್ನು ನೋಡಿರಿ: ಗೊರೂರಿನ ಹೇಮಾವತಿ ಅಣೆಕಟ್ಟಿನಿಂದ ಊರು ಮುಳುಗಿತು, ಜನ ಬೇರೆಡೆಗೆ ಹೋದರು, ಗೋಡೆಗಳು ಮಾತ್ರ ಮಳೆಗಾಲದ ನೀರಿನಲ್ಲಿ ನಿಂತಿವೆ. ಗೋಡೆಯನ್ನು ಯಾರು ಹೊತ್ತೊಯ್ದಾರು? ಮರದ ಸ್ವರೂಪವಾದರೆ ಹೆಗಲೇರಿ ಜನರೊಡನೆ ನಡೆಯುತ್ತದೆ.

ಈಗಿನ ಭಯ ನೀರಿನದಲ್ಲ. ಗೆದ್ದಲಿಗಿಂತಲೂ ಹಬ್ಬದ ಉತ್ಸಾಹವೇ ಹಳೆಯ ಸ್ವರೂಪಗಳಿಗೆ ಹೆಚ್ಚು ಕೇಡು ಮಾಡಿದೆ. ಉಜ್ಜುಕಾಗದದಿಂದ ತಿಕ್ಕಿ, ಎನಾಮಲ್ ಬಳಿದರೆ ಆಚಾರಿಯ ಉಳಿಯ ಗುರುತೂ ಮೂಲ ಬಣ್ಣವೂ ಒಟ್ಟಿಗೇ ಹೋಗುತ್ತವೆ. ಒಣಬಟ್ಟೆಯಿಂದ ಧೂಳೊರೆಸಿ, ತೇವದ ಗೋಡೆಯಿಂದ ದೂರವಿಟ್ಟು, ಬಣ್ಣ ಹಚ್ಚುವ ಮುನ್ನ ಬಲ್ಲವರಿಗೆ ತೋರಿಸಬೇಕೆಂದು ಧರ್ಮಕೇಂದ್ರದ ಬಂಧುಗಳಲ್ಲಿ ನಮ್ಮ ವಿನಂತಿ. ಸ್ವರೂಪವನ್ನು ಯಾವ ಮನೆತನದವರು, ಯಾವ ವರುಷ ಒಪ್ಪಿಸಿದರೆಂಬುದನ್ನು ನೆನಪಿರುವ ಹಿರಿಯರು ಗುರುಗಳಿಗೆ ತಿಳಿಸಿ ಈ ಶತಮಾನೋತ್ಸವದಲ್ಲೇ ದಫ್ತರದಲ್ಲಿ ಬರೆಸಲಿ.