ಹೆರಿಗೆಯ ಸೇವೆ ಮತ್ತು ಧರ್ಮಸಭೆಯ ವಿಧಿ: 1936ರ ತಿರುವು

ರೋಗಿಗಳ ಸೇವೆಯನ್ನು ಧರ್ಮಸಭೆಯು ಎಂದೂ ಕೈಬಿಟ್ಟಿಲ್ಲವೆಂದು ನಾವು ಹೆಮ್ಮೆಯಿಂದ ಬೋಧಿಸುತ್ತೇವೆ. ಆ ಮಾತು ನಿಜ. ಆದರೆ ಈ ಸುದೀರ್ಘ ಇತಿಹಾಸದಲ್ಲಿ ಒಂದು ಬಾಗಿಲು ಬಹುಕಾಲ ಮುಚ್ಚಿತ್ತೆಂಬುದೂ ಅಷ್ಟೇ ನಿಜ. ಕುಷ್ಠರೋಗಿಯ ಗಾಯವನ್ನು ತೊಳೆಯುತ್ತಿದ್ದ, ಸಾಯುವವರ ಹಾಸಿಗೆಯ ಬಳಿ ರಾತ್ರಿಯಿಡೀ ಎಚ್ಚರವಿರುತ್ತಿದ್ದ ಕನ್ಯಾಸ್ತ್ರೀಯರು, ಹೆರಿಗೆಯ ನೋವಿನಲ್ಲಿದ್ದ ತಾಯಿಯ ಬಳಿಗೆ ವೈದ್ಯೆಯರಾಗಿ ಹೋಗುವಂತಿರಲಿಲ್ಲ. ಆ ಬಾಗಿಲು ಮುಚ್ಚಿದ್ದೇಕೆ, ಅದನ್ನು ತೆರೆಯಿಸಿದವರು ಯಾರು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಈ ನಿಷೇಧದ ಬೇರುಗಳು ಹಳೆಯವು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು, ಸುಡುವುದು ಮತ್ತು ಕೊಯ್ಯುವುದನ್ನು ಒಳಗೊಂಡ ಶಸ್ತ್ರಚಿಕಿತ್ಸೆಯನ್ನು ಉಪಸೇವಕರು, ಸೇವಕರು ಮತ್ತು ಗುರುಗಳು ಮಾಡಬಾರದೆಂದು ವಿಧಿಸಿತು. ಬಲಿಪೀಠದ ಬಳಿ ಸೇವೆ ಮಾಡುವವರ ಕೈಗೆ ರಕ್ತ ಅಂಟಬಾರದೆಂಬುದು ಅಲ್ಲಿನ ಕಾಳಜಿ. ಶತಮಾನಗಳ ಬಳಿಕ ಪ್ರಕಟವಾದ 1917ರ ಧರ್ಮಸಭಾ ವಿಧಿಸಂಹಿತೆಯು ತನ್ನ 139ನೆಯ ವಿಧಿಯಲ್ಲಿ, ರೋಮಿನ ವಿಶೇಷ ಅನುಮತಿಯಿಲ್ಲದೆ ಗುರುವರ್ಗದವರು ವೈದ್ಯವೃತ್ತಿಯನ್ನು ನಡೆಸಬಾರದೆಂದಿತು. 592ನೆಯ ವಿಧಿಯು ಗುರುವರ್ಗದ ಇಂಥ ಕಟ್ಟುಪಾಡುಗಳನ್ನು ಎಲ್ಲ ಸನ್ಯಾಸಿ ಸಂಸ್ಥೆಗಳಿಗೂ ವಿಸ್ತರಿಸಿತು. ಹೀಗೆ ಗುರುಗಳಿಗಾಗಿ ಹುಟ್ಟಿದ ನಿಯಮವು ಕನ್ಯಾಸ್ತ್ರೀಯರನ್ನೂ ಕಟ್ಟಿಹಾಕಿತು. ಹೆರಿಗೆಯ ವಿಷಯದಲ್ಲಂತೂ ಕನ್ಯಾವ್ರತಕ್ಕೆ ಧಕ್ಕೆಯಾದೀತೆಂಬ ಅಳುಕೂ ಜೊತೆಗೂಡಿತ್ತು. ವಿಧಿಯ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಪವಿತ್ರವಾದುದನ್ನು ಕಾಯುವುದೇ ಅದರ ಗುರಿ. ಆದರೆ ಆ ಕಾವಲಿನ ಬೆಲೆಯನ್ನು ತೆತ್ತವರು ಯಾರು?

ಉತ್ತರಕ್ಕಾಗಿ ಅಂದಿನ ಭಾರತವನ್ನು ನೋಡಬೇಕು. ಪರದೆಯ ಪದ್ಧತಿಯಿದ್ದ ಮನೆಗಳಲ್ಲಿ ಹೆಂಗಸರನ್ನು ಪರಪುರುಷನು ಕಾಣುವಂತಿರಲಿಲ್ಲ; ಅವನು ವೈದ್ಯನಾಗಿದ್ದರೂ ಸರಿಯೇ. ವೈದ್ಯೆ ದೊರೆಯದಿದ್ದರೆ ಚಿಕಿತ್ಸೆಯೇ ಇಲ್ಲ. ಇದನ್ನು ಮೊದಲು ಅರಿತು ನಡೆದವರು ಪ್ರಾಟೆಸ್ಟಂಟ್ ಸೋದರಿಯರು ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಕ್ಲಾರಾ ಸ್ವೇನ್ 1870ರಲ್ಲಿಯೇ ಬರೇಲಿಗೆ ಬಂದರು. ಈಡಿತ್ ಬ್ರೌನ್ 1894ರಲ್ಲಿ ಲುಧಿಯಾನದಲ್ಲಿ ಮಹಿಳೆಯರಿಗಾಗಿ ವೈದ್ಯಶಾಲೆಯನ್ನು ತೆರೆದರು. ಐಡಾ ಸ್ಕಡರ್ 1918ರಲ್ಲಿ ವೆಲ್ಲೂರಿನಲ್ಲಿ ಅಂಥದೇ ಶಾಲೆಯನ್ನು ಆರಂಭಿಸಿದರು. ಕಥೋಲಿಕ ಕನ್ಯಾಸ್ತ್ರೀಯರಲ್ಲಿ ಕರುಣೆಗೆ ಕೊರತೆಯಿರಲಿಲ್ಲ. ವೈದ್ಯೆಯರಾಗುವ ದಾರಿ ಅವರಿಗಿರಲಿಲ್ಲ.

ಈ ಕೊರತೆಯನ್ನು ರೋಮಿನ ಮುಂದಿಟ್ಟವರು ಸ್ಕಾಟ್ಲೆಂಡಿನ ಶ್ರೀಸಾಮಾನ್ಯ ವಿಶ್ವಾಸಿಯೊಬ್ಬರು, ಆಗ್ನೆಸ್ ಮೆಕ್‌ಲಾರೆನ್. ತಮ್ಮ ನಾಡಿನಲ್ಲಿ ಮಹಿಳೆಗೆ ವೈದ್ಯಶಿಕ್ಷಣ ಸುಲಭವಿಲ್ಲದ ಕಾಲದಲ್ಲಿ ಅವರು ಫ್ರಾನ್ಸಿನ ಮೊಂಪೆಲಿಯೇಯಲ್ಲಿ ಓದಿ 1878ರಲ್ಲಿ ಪದವಿ ಪಡೆದರು. 1898ರಲ್ಲಿ, ಅರವತ್ತು ದಾಟಿದ ಮೇಲೆ, ಕಥೋಲಿಕ ಧರ್ಮಸಭೆಯನ್ನು ಸೇರಿದರು. ಈಗ ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಯಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿ ಸಂತ ಕ್ಯಾಥರೀನಳ ಹೆಸರಿನ ಆಸ್ಪತ್ರೆ ಏಳಲು ಅವರೇ ಕಾರಣರಾದರು. ಕನ್ಯಾಸ್ತ್ರೀಯರಿಗೆ ವೈದ್ಯವೃತ್ತಿಯ ಅನುಮತಿ ನೀಡಬೇಕೆಂದು ರೋಮಿಗೆ ಮತ್ತೆ ಮತ್ತೆ ಬಿನ್ನವಿಸಿಕೊಂಡರು. ಅನುಮತಿಯನ್ನು ಕಾಣದೆಯೇ 1913ರಲ್ಲಿ ತೀರಿಕೊಂಡರು.

ಆದರೆ ಅವರ ಕರೆ ಇಬ್ಬರು ಯುವತಿಯರನ್ನು ಮುಟ್ಟಿತ್ತು. ಮೊದಲನೆಯವರು ಆಸ್ಟ್ರಿಯಾದ ಅನ್ನಾ ಡೆಂಗೆಲ್. ಆಗ್ನೆಸರೊಡನೆ ಪತ್ರವ್ಯವಹಾರ ನಡೆಸಿದರೂ ಅವರನ್ನು ಕಣ್ಣಾರೆ ಕಾಣಲಿಲ್ಲ. ಐರ್ಲೆಂಡಿನ ಕಾರ್ಕ್‌ನಲ್ಲಿ 1919ರಲ್ಲಿ ವೈದ್ಯಪದವಿ ಪಡೆದು, ಮರುವರ್ಷ ರಾವಲ್ಪಿಂಡಿಯ ಆಸ್ಪತ್ರೆಗೆ ಬಂದರು. ಒಬ್ಬ ವೈದ್ಯೆ ಬಂದು ಹೋಗುವುದರಿಂದ ಈ ಕೆಲಸ ನಿಲ್ಲದು, ಅದಕ್ಕೆ ಬದುಕನ್ನೇ ಮುಡಿಪಿಟ್ಟ ಸಮುದಾಯ ಬೇಕೆಂಬುದನ್ನು ಅಲ್ಲಿ ಮನಗಂಡರು. 1925ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಮೂವರು ಸಂಗಾತಿಯರೊಡನೆ ವೈದ್ಯಕೀಯ ಪ್ರೇಷಿತ ಸೋದರಿಯರ ಸಂಘವನ್ನು ಕಟ್ಟಿದರು. ವಿಧಿಯನ್ನು ಅವರು ಮುರಿಯಲಿಲ್ಲ. ಸಾರ್ವಜನಿಕ ವ್ರತಗಳಿಲ್ಲದೆಯೇ ಸೋದರಿಯರಂತೆ ಬಾಳಿ ಕಾದರು.

ಎರಡನೆಯವರು ಆಸ್ಟ್ರೇಲಿಯಾದ ಮೇರಿ ಗ್ಲೌರಿ. ಮೆಲ್ಬರ್ನ್‌ನಲ್ಲಿ ವೈದ್ಯೆಯಾಗಿದ್ದ ಅವರು 1915ರಲ್ಲಿ ಆಗ್ನೆಸರ ಜೀವನವನ್ನು ಕುರಿತ ಕಿರುಹೊತ್ತಗೆಯೊಂದನ್ನು ಓದಿ ತಮ್ಮ ಕರೆಯನ್ನು ಅರಿತರು. ಕೂಡಲೇ ಹಡಗು ಹತ್ತಲಿಲ್ಲ. ಹೆರಿಗೆ, ಸ್ತ್ರೀರೋಗ ಮತ್ತು ನೇತ್ರಚಿಕಿತ್ಸೆಯಲ್ಲಿ ಉನ್ನತ ವ್ಯಾಸಂಗ ನಡೆಸಿ 1919ರಲ್ಲಿ ಎಂ.ಡಿ. ಪದವಿ ಪಡೆದು, 1920ರಲ್ಲಿ ಗುಂಟೂರಿಗೆ ಬಂದರು. ಅಲ್ಲಿ ಯೇಸು ಮರಿಯ ಜೋಸೆಫರ ಸಭೆಯನ್ನು ಸೇರಿದರು. ವಿಶ್ವಗುರು ಹದಿನೈದನೆಯ ಬೆನೆಡಿಕ್ಟರು ಅವರಿಗೆ ವೈದ್ಯವೃತ್ತಿಯನ್ನು ಮುಂದುವರಿಸಲು ವಿಶೇಷ ಅನುಮತಿಯಿತ್ತರು. ಗುಂಟೂರಿನಲ್ಲಿ ಅವರು ಚಿಕಿತ್ಸೆಗಷ್ಟೇ ನಿಲ್ಲದೆ ಸ್ಥಳೀಯ ಸ್ತ್ರೀಯರನ್ನು ದಾದಿಯರನ್ನಾಗಿ, ಸೂಲಗಿತ್ತಿಯರನ್ನಾಗಿ ತರಬೇತುಗೊಳಿಸಿದರು.

ಇಲ್ಲಿ ವಿಧಿಶಾಸ್ತ್ರದ ವಿದ್ಯಾರ್ಥಿಯು ಒಂದು ಅಂಶವನ್ನು ಗಮನಿಸಬೇಕು. ಮೇರಿಯವರಿಗೆ ದೊರೆತದ್ದು ವಿನಾಯಿತಿ. ನಿಯಮ ಹಾಗೆಯೇ ಉಳಿಯಿತು. ವಿನಾಯಿತಿಯು ಒಬ್ಬಳ ಕೈಯನ್ನು ಬಿಡಿಸಬಲ್ಲದು; ನೂರಾರು ಊರುಗಳ ತಾಯಂದಿರನ್ನು ಅದು ತಲುಪಲಾರದು. ನ್ಯಾಯ ಸಿಕ್ಕಲು ಇನ್ನೂ ಹದಿನಾರು ವರ್ಷ ಹಿಡಿಯಿತು. 1936ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಧರ್ಮಪ್ರಚಾರದ ಪವಿತ್ರ ಕಾರ್ಯಾಲಯವು 'ಕಾನ್‌ಸ್ಟಾನ್ಸ್ ಆಕ್ ಸೆದೂಲಾ' ಎಂಬ ಆದೇಶಪತ್ರವನ್ನು ಹೊರಡಿಸಿತು. ಪ್ರೇಷಿತಕಾರ್ಯದ ನಾಡುಗಳಲ್ಲಿ ತಾಯಿ ಮತ್ತು ಶಿಶುವಿನ ಆರೈಕೆಯನ್ನು ಕನ್ಯಾಸ್ತ್ರೀಯರು ಕೈಗೊಳ್ಳಬಹುದೆಂದು ಅದು ಸಾರಿತು. ಅದಕ್ಕಾಗಿ ಅವರು ವೈದ್ಯೆಯರಾಗಿ, ದಾದಿಯರಾಗಿ ಅರ್ಹತೆ ಪಡೆಯಬೇಕೆಂದು ಬಯಸಿತು. ವ್ರತದ ಗೌರವವನ್ನು ಅದು ಕಡಿಮೆ ಮಾಡಲಿಲ್ಲ. ಒಳ್ಳೆಯ ರೂಪಣೆ ಪಡೆದ ಸೋದರಿಯು ಹೆರಿಗೆಮನೆಯಲ್ಲಿಯೂ ತನ್ನ ವ್ರತವನ್ನು ಕಾಯಬಲ್ಲಳೆಂದು ಧರ್ಮಸಭೆಯು ಕೊನೆಗೂ ನಂಬಿತೆಂದೇ ನಾವು ಅದನ್ನು ಓದುತ್ತೇವೆ.

ಈ ಮಾರ್ಪಾಡಿನ ಫಲ ನಮ್ಮ ನಾಡಿಗೂ ಬಂದಿದೆ. 1943ರಲ್ಲಿ ಮೇರಿಯವರ ನೇತೃತ್ವದಲ್ಲಿ ಹದಿನಾರು ಸೋದರಿಯರು ಕೂಡಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಆರಂಭಿಸಿದರು. ಭಾರತದಲ್ಲಿ ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂಬುದು ಅವರ ಹಂಬಲವಾಗಿತ್ತು. 1957ರ ಮೇ 5ರಂದು ಅವರು ಬೆಂಗಳೂರಿನಲ್ಲಿ ಕಣ್ಮುಚ್ಚಿದರು. ಆರು ವರ್ಷಗಳ ಬಳಿಕ, 1963ರಲ್ಲಿ, ಅದೇ ನಗರದಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು.

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ರಕ್ತಸ್ರಾವದಿಂದ ಹನ್ನೆರಡು ವರ್ಷ ನರಳಿದ ಸ್ತ್ರೀಯು ನೆರೆದ ಗುಂಪಿನ ನಡುವೆ ಯೇಸುವಿನ ಉಡುಪನ್ನು ಮುಟ್ಟುತ್ತಾಳೆ. ಯಾಜಕಕಾಂಡದ ನಿಯಮದಂತೆ ಅವಳ ಸ್ಪರ್ಶವೇ ಮೈಲಿಗೆ. ಯೇಸು ಮೈಲಿಗೆಯ ಮಾತನ್ನೇ ಎತ್ತದೆ, ಅವಳು ತನ್ನ ಕಥೆಯನ್ನೆಲ್ಲ ಹೇಳುವವರೆಗೆ ನಿಂತು ಕೇಳಿ, ಅವಳನ್ನು ಮಗಳೆಂದು ಕರೆದರು. 1936ರವರೆಗಿನ ನಮ್ಮ ಇತಿಹಾಸವನ್ನು ಈ ಭಾಗದ ಮುಂದಿಟ್ಟು ಓದಿದರೆ ನಮಗೆ ನಾಚಿಕೆಯೂ ಆಗುತ್ತದೆ, ಭರವಸೆಯೂ ಮೂಡುತ್ತದೆ.

ಧರ್ಮಸಭೆಯನ್ನು ಈ ತಿರುವಿಗೆ ತಂದವರು ನಮ್ಮಂಥ ಬೋಧಕರಲ್ಲ. ಓದಿದ, ಕಾದ, ಪಟ್ಟುಬಿಡದೆ ಕೇಳಿದ ಮಹಿಳೆಯರು. ಅವರ ಪ್ರೀತಿಯು ಅಧ್ಯಯನವನ್ನು ಬದಿಗಿಡಲಿಲ್ಲ. ಅವರ ವಿಧೇಯತೆ ಮೌನವಾಗಿರಲಿಲ್ಲ. ನಾಳೆ ಧರ್ಮಕೇಂದ್ರಗಳಿಗೆ ಹೋಗುವ ಗುರು ಅಭ್ಯರ್ಥಿಗಳ ಬಳಿಗೆ ಬಸಿರಿಯರು, ಬಾಣಂತಿಯರು, ಹೇಳಿಕೊಳ್ಳಲಾಗದ ಕಾಯಿಲೆಯುಳ್ಳವರು ಬರುತ್ತಾರೆ. ಸಹಿಸಿಕೊಳ್ಳಮ್ಮ, ಪ್ರಾರ್ಥಿಸು ಎಂದಷ್ಟೇ ಹೇಳಿ ಕಳುಹಿಸುವುದು ಸುಲಭ. ಅವಳು ಹೇಳುವುದನ್ನು ಪೂರ್ತಿ ಕೇಳಿ, ಅವಳು ವೈದ್ಯರ ಬಳಿಗೆ ತಲುಪುವಂತೆ ನೋಡಿಕೊಂಡು, ಆಮೇಲೆ ಅವಳೊಡನೆ ಪ್ರಾರ್ಥಿಸುವುದು ನಮ್ಮ ಕರ್ತವ್ಯ. ಯಾವುದೇ ನಿಯಮವನ್ನು ಬೋಧಿಸುವಾಗ ಅದರ ಭಾರ ಯಾರ ದೇಹದ ಮೇಲೆ ಬೀಳುತ್ತಿದೆಯೆಂದು ಕೇಳಿಕೊಳ್ಳುವುದೂ ಅದೇ ಕರ್ತವ್ಯದ ಭಾಗ.