ಪಾಲಿಮರ್ ಮೇಲ್ಮೈಯ ವಿನ್ಯಾಸ ಮತ್ತು ಜೀವಕೋಶಗಳ ಬೆಳವಣಿಗೆ: ಒಂದು ಐತಿಹಾಸಿಕ ಸಮೀಕ್ಷೆ

ರಾಯಚೂರು ಸೀಮೆಯ ಇತಿಹಾಸವೆಂದೊಡನೆ ಮಸ್ಕಿಯ ಅಶೋಕ ಶಾಸನವೂ 1520ರ ರಾಯಚೂರು ಕದನವೂ ನಮ್ಮ ನೆನಪಿಗೆ ಬರುವುದು ಸಹಜ. ಆದರೆ ದೇವದುರ್ಗ, ಮಾನ್ವಿಗಳ ಎರೆಭೂಮಿಯಲ್ಲಿ ಬೆಳೆದು ರಾಯಚೂರಿನ ಮಾರುಕಟ್ಟೆಗೆ ಬರುವ ಹತ್ತಿಯ ಎಳೆಗೂ ವಿಜ್ಞಾನದ ಇತಿಹಾಸದಲ್ಲಿ ಒಂದು ಸ್ಥಾನವುಂಟು. ಹತ್ತಿಯ ಎಳೆಯ ಬಹುಭಾಗ ಸೆಲ್ಯುಲೋಸ್. ಸಣ್ಣ ಅಣುಗಳು ಸರಪಳಿಯಂತೆ ಕೂಡಿ ಆದ ದೀರ್ಘಾಣು, ಅಂದರೆ ಪಾಲಿಮರ್. ಇಂತಹ ವಸ್ತುಗಳ ಮೇಲ್ಮೈಯಲ್ಲಿ ವಿನ್ಯಾಸವನ್ನು ರೂಪಿಸಿ ಜೀವಕೋಶಗಳ ಬೆಳವಣಿಗೆಗೆ ದಾರಿ ತೋರುವ ವಿದ್ಯೆಯನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಈ ವಿದ್ಯೆಯು 20ನೆಯ ಶತಮಾನದ ಅಂತ್ಯದಲ್ಲಿ ಎಲೆಕ್ಟ್ರಾನಿಕ್ ಉದ್ಯಮದ ಅಚ್ಚೊತ್ತುವ ಕೌಶಲದಿಂದ ಹುಟ್ಟಿತೆಂಬ ಭಾವನೆ ರೂಢಿಯಲ್ಲಿದೆ. ಇದು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ. 1907ರಲ್ಲಿ ಕಪ್ಪೆಯ ಭ್ರೂಣದ ನರತಂತು ದೇಹದ ಹೊರಗೆ ಬೆಳೆಯುವುದನ್ನು ತೋರಿಸಿದ ರಾಸ್ ಹ್ಯಾರಿಸನ್, 1914ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಭ್ರೂಣದ ಕೋಶಗಳು ಜೇಡರಬಲೆಯ ಎಳೆಗಳನ್ನು ಅನುಸರಿಸಿ ಸಾಗುವುದನ್ನು ವರ್ಣಿಸಿದರು. ಜೇಡನ ನೂಲೂ ಪಾಲಿಮರೇ. ಆಸರೆಯ ರಚನೆಯೇ ಕೋಶಕ್ಕೆ ದಿಕ್ಕು ತೋರುವ ಈ ವಿದ್ಯಮಾನವನ್ನು ಪಾಲ್ ವೈಸ್ 1945ರ ವೇಳೆಗೆ ಸ್ಪರ್ಶಮಾರ್ಗದರ್ಶನವೆಂಬ ಅರ್ಥದ ಹೆಸರಿನಿಂದ ನಿರೂಪಿಸಿದ್ದರು.

ಮುಂದಿನ ಹಂತದಲ್ಲಿ ಸೆಲ್ಯುಲೋಸ್ ಪ್ರತ್ಯಕ್ಷವಾಗಿಯೇ ಬರುತ್ತದೆ. 1967ರಲ್ಲಿ ಕಾರ್ಟರ್ ಎಂಬ ವಿಜ್ಞಾನಿಯು ಸೆಲ್ಯುಲೋಸ್ ಅಸಿಟೇಟಿನ ಪದರದ ಮೇಲೆ ಪಲ್ಲೇಡಿಯಂ ಲೋಹದ ಸೂಕ್ಷ್ಮ ದ್ವೀಪಗಳನ್ನು ರಚಿಸಿದನು. ಕೋಶಗಳು ಪದರವನ್ನು ಬಿಟ್ಟು ದ್ವೀಪಗಳನ್ನೇ ಹಿಡಿದವು. ಹತ್ತಿಯಿಂದಲೋ ಮರದ ತಿರುಳಿನಿಂದಲೋ ತಯಾರಾಗುವ ಈ ಪಾಲಿಮರ್ ಹೀಗೆ ಕೋಶಗಳಿಗೆ ಎಲ್ಲೆ ಕಟ್ಟುವ ಹೊಲವಾಯಿತು.

1990ರ ದಶಕದಲ್ಲಿ ಅಮೆರಿಕದ ಜಾರ್ಜ್ ವೈಟ್‌ಸೈಡ್ಸ್ ಮತ್ತು ಸಂಗಡಿಗರು ಸಿಲಿಕೋನ್ ರಬ್ಬರಿನ ಮುದ್ರೆಯಿಂದ ತೆಳು ಚಿನ್ನದ ಪದರದ ಮೇಲೆ ವಿನ್ಯಾಸಗಳನ್ನು ಒತ್ತಿದರು. 1997ರಲ್ಲಿ ಕ್ರಿಸ್ಟೋಫರ್ ಚೆನ್ ಮೊದಲಾದವರು, ಅಂಟುವ ಜಾಗದ ಒಟ್ಟು ವಿಸ್ತಾರ ಸಮನಾಗಿದ್ದರೂ ಕೋಶವು ಹರಡಿಕೊಂಡಿತೋ ಮುದುಡಿತೋ ಎಂಬುದರ ಮೇಲೆ ಅದರ ಅಳಿವು ಉಳಿವು ನಿಲ್ಲುತ್ತದೆಂದು ತೋರಿಸಿದರು.

ನಮ್ಮ ಭಾಗದ ರೈತರಿಗೆ ಇದು ಹೊಸತಾಗಿ ಕಾಣಲಾರದು. ಕೂರಿಗೆಯ ಸಾಲಿನ ಅಂತರ ಬದಲಾದರೆ ಬೆಳೆಯ ಗತಿಯೂ ಬದಲಾಗುತ್ತದೆ. ಆದರೆ ಬೀಜವು ಬಿದ್ದಲ್ಲೇ ಬೇರೂರುತ್ತದೆ; ಕೋಶವಾದರೋ ನೆಲವನ್ನು ತಡವಿ ತಾನೇ ಹಾದಿ ಹಿಡಿಯುತ್ತದೆ. ಈ ಭೇದವನ್ನು ಮರೆಯಲಾಗದು.

ಇದರ ಪ್ರಯೋಜನವೇನೆಂದರೆ, ಕುಡುಗೋಲಿನಿಂದ ಕೈಯ ನರ ಕತ್ತರಿಸಿಹೋದ ಕೂಲಿಕಾರನಿಗೆ ಮತ್ತೆ ಬೆರಳಿನ ಸ್ಪರ್ಶ ದೊರೆಯುವುದು ನರತಂತು ತನ್ನ ಹಾದಿಯನ್ನು ಕಂಡುಕೊಂಡಾಗಲೇ. ಅದು ದಿನಕ್ಕೆ ಸುಮಾರು 1 ಮಿಲಿಮೀಟರು ಮಾತ್ರ ಬೆಳೆಯುತ್ತದೆ. ತುಂಡಾದ ತುದಿಗಳ ನಡುವೆ ಪಾಲಿಮರ್ ಕೊಳವೆಯಿಟ್ಟು ಸೇರಿಸುವ ಚಿಕಿತ್ಸೆ ಬಳಕೆಗೆ ಬಂದಿದೆ. ಆದರೆ ಅಂತರ ಸುಮಾರು 3 ಸೆಂಟಿಮೀಟರು ಮೀರಿದರೆ ಬರಿಯ ಟೊಳ್ಳು ಕೊಳವೆ ಸಾಲದು. ಆದುದರಿಂದಲೇ ಅದರೊಳಗೆ ಗೀರುಗಳನ್ನೋ ಒಂದೇ ದಿಕ್ಕಿನ ಎಳೆಗಳನ್ನೋ ಇರಿಸುವ ಯತ್ನ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಪಾಲಿಮರ್ ಜೈವಿಕ ವಸ್ತುಗಳ ಸಂಶೋಧನೆ ಸಾಗಿದೆ.

ಹ್ಯಾರಿಸನ್ನರ ಜೇಡರಬಲೆಯಿಂದ ಈ ಕೊಳವೆಯವರೆಗೆ ಪ್ರಶ್ನೆ ಒಂದೇ: ಬೆಳವಣಿಗೆಗೆ ಆಹಾರವಷ್ಟೇ ಸಾಕೆ, ನೆಲೆಯ ಆಕಾರವೂ ಬೇಕೆ? ಎರಡೂ ಬೇಕೆಂಬ ಉತ್ತರಕ್ಕೆ ಒಂದು ಶತಮಾನವೇ ಹಿಡಿಯಿತು. ಅರಸರ ದಂಡಯಾತ್ರೆಗಳೊಡನೆ ಇಂತಹ ದೀರ್ಘ ಪರಿಶ್ರಮದ ಕಥೆಯೂ ನಮ್ಮ ತರಗತಿಗಳಲ್ಲಿ ಇತಿಹಾಸವೆನಿಸಬೇಕೆಂಬುದೇ ನಮ್ಮ ವಿನಮ್ರ ಸೂಚನೆ.