ಕಾರಿಗೆ ಬಂದ ಮನೆಯ ಕರೆಂಟು



ವಿದ್ಯುತ್ತಿನ ಪಾಠದಲ್ಲಿ ನಾನು ಪ್ರತಿವರ್ಷವೂ ಕೇಳುತ್ತಿದ್ದ ಪ್ರಶ್ನೆಯೊಂದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು: "ಕಾರಿನ ಬ್ಯಾಟರಿಗೆ ಮನೆಯ ಬಲ್ಬನ್ನು ಜೋಡಿಸಿದರೆ ಅದೇಕೆ ಬೆಳಗುವುದಿಲ್ಲ?" ವೋಲ್ಟೇಜು ಸಾಲದು ಎಂದರೆ ಪೂರ್ಣ ಅಂಕ ಕೊಡುತ್ತಿದ್ದೆ. ಅದು ಅರ್ಧ ಉತ್ತರವೆಂದು ನನಗೆ ಮನದಟ್ಟಾದದ್ದು ನಿವೃತ್ತನಾಗಿ ಎಷ್ಟೋ ವರ್ಷಗಳಾದ ಮೇಲೆ, 2019ರಲ್ಲಿ.

ಕಥೆ ಇನ್ನೂ ಹಿಂದಿನಿಂದ ಆರಂಭವಾಗಬೇಕು. 1958ರಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಊರಿಗೆ ವಿದ್ಯುತ್ ಬಂದಿರಲಿಲ್ಲ. ಆದರೂ ಮನೆಯಲ್ಲಿ ವಾಲ್ವ್ ರೇಡಿಯೋ ಇತ್ತು. ಅದಕ್ಕೆ 6 ವೋಲ್ಟಿನ ಭಾರವಾದ ಬ್ಯಾಟರಿ. ಅದು ಬರಿದಾದಾಗಲೆಲ್ಲ ಅಣ್ಣಯ್ಯ ಗಾಡಿ ಕಟ್ಟಿ, ಬಸ್ಸಿನ ದಾರಿ ಹಿಡಿದು, ಪೇಟೆಗೆ ಹೋಗಿ ಚಾರ್ಜು ಮಾಡಿಸಿ ತರುತ್ತಿದ್ದ. ರೇಡಿಯೋ ಹಾಡುವ ಮೊದಲು ಅದರ ಹೊಟ್ಟೆಯೊಳಗಿಂದ "ಗುಂಯ್" ಎಂಬ ಸದ್ದು ಕೇಳುತ್ತಿತ್ತು. ಅದು ವೈಬ್ರೇಟರ್ ಎಂಬ ಪುಟ್ಟ ಉಪಕರಣದ ಸದ್ದು.

ಆ ಉಪಕರಣದ ಹುಟ್ಟಿಗೆ ಕಾರಿನ ನಂಟಿದೆ. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರನ್ನು ಅಳವಡಿಸಿದ ಮೇಲೆ ಬ್ಯಾಟರಿಯೂ ಡೈನಮೋವೂ ಕಾರಿನ ಖಾಯಂ ನಿವಾಸಿಗಳಾದವು. 1930ರಲ್ಲಿ ಗಾಲ್ವಿನ್ ಸಹೋದರರ ಮೋಟೊರೋಲಾ ರೇಡಿಯೋ ಕಾರಿನೊಳಗೆ ಬಂದಿತು. ಆದರೆ ವಾಲ್ವುಗಳಿಗೆ ನೂರಾರು ವೋಲ್ಟ್ ಬೇಕು. ಆ ದಶಕದಲ್ಲಿ ಬಳಕೆಗೆ ಬಂದ ವೈಬ್ರೇಟರಿನ ಲೋಹದ ನಾಲಿಗೆ ಕಂಪಿಸುತ್ತಾ ಬ್ಯಾಟರಿಯ ನೇರ ವಿದ್ಯುತ್ತನ್ನು ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತಿತ್ತು. ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸುವುದು ರೆಕ್ಟಿಫೈಯರ್. ಆ ಕೆಲಸವನ್ನು ತಿರುಗುಮುರುಗಾಗಿ ಮಾಡುವ ಸಾಧನವಾದ್ದರಿಂದ ಡೇವಿಡ್ ಪ್ರಿನ್ಸ್ 1925ರ ತಮ್ಮ ಲೇಖನದಲ್ಲಿ "ಇನ್ವರ್ಟರ್" ಎಂಬ ಹೆಸರನ್ನು ಬಳಸಿದ್ದರು. ನಮ್ಮ ರೇಡಿಯೋದ ನಾಲಿಗೆ ಇನ್ವರ್ಟರಿನ ಬಡ ಬಂಧುವೇ ಸರಿ. ಮುಂದೆ ಟ್ರಾನ್ಸಿಸ್ಟರು, 1957ರಲ್ಲಿ ಥೈರಿಸ್ಟರು ಬಂದು ಆ ಕಂಪನವನ್ನು ನಿಶ್ಶಬ್ದಗೊಳಿಸಿದವು.

ಇನ್ನು 2019ಕ್ಕೆ ಬರೋಣ. ಮೈಸೂರಿನಲ್ಲಿ ಮಗನ ಮನೆಯಲ್ಲಿದ್ದ ಅಣ್ಣಯ್ಯನಿಗೆ ಶ್ವಾಸಕೋಶ ಸೋತಿತ್ತು. ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಯಂತ್ರವೇ ಅವನಿಗೆ ಆಧಾರ. "ಒಂದು ಸಲ ಅಡಿಕೆ ಕೊಯ್ಲು ನೋಡಬೇಕು" ಎಂದ. ಏಳು ಗಂಟೆಯ ಹಾದಿ. ಅವನ ಮಗ ಸಣ್ಣದೊಂದು ಇನ್ವರ್ಟರ್ ತಂದು, ಕಾರಿನಲ್ಲಿ ಸಿಗರೇಟ್ ಹಚ್ಚುವ ಸಾಕೆಟ್ಟಿಗೆ ಸಿಕ್ಕಿಸಿ, ಮನೆಯಂಗಳದಲ್ಲೇ ಯಂತ್ರವನ್ನು ಚಾಲೂ ಮಾಡಿದ. ಕ್ಷಣಮಾತ್ರದಲ್ಲಿ ಫ್ಯೂಸ್ ಹಾರಿತು.

"ವೋಲ್ಟೇಜು ಸರಿಯಿದೆಯಲ್ಲ ಚಿಕ್ಕಪ್ಪಾ, ಮತ್ತೇಕೆ ಹೀಗಾಯಿತು?" ಎಂದು ಅವನು ಕೇಳಿದಾಗ ನಾನು ಕಾಗದ, ಪೆನ್ನು ಹಿಡಿದು ಕುಳಿತೆ. ಯಂತ್ರಕ್ಕೆ 350 ವಾಟ್ ಬೇಕು. 230 ವೋಲ್ಟಿನಲ್ಲಿ ಅದು ಸುಮಾರು ಒಂದೂವರೆ ಆಂಪಿಯರ್, ಹತ್ತಿಯ ಹೊರೆ. ಆದರೆ 12 ವೋಲ್ಟಿನ ಕಡೆಯಿಂದ, ಇನ್ವರ್ಟರಿನಲ್ಲಿ ಸೋರುವುದೂ ಸೇರಿ, 32 ಆಂಪಿಯರ್ ಹರಿಯಬೇಕು! ಆ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10ರಿಂದ 20 ಆಂಪಿಯರಿನದು. 1920ರ ದಶಕದಲ್ಲಿ ಧೂಮಪಾನಿಗಳಿಗಾಗಿ ಕಾರಿಗೆ ಬಂದ ಸಾಧನವದು; ಎಷ್ಟೋ ಕಾಲದ ಬಳಿಕ ಜನ ಅದನ್ನೇ ವಿದ್ಯುತ್ತಿನ ಬಾಗಿಲನ್ನಾಗಿ ಮಾಡಿಕೊಂಡರು. ಫ್ಯೂಸ್ ಹಾರದಿದ್ದರೆ ತಂತಿಯೇ ಬೆಂಕಿ ಹಿಡಿಯುತ್ತಿತ್ತು.

ಮರುದಿನ ಅನುಭವಿ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ನೇರ ಬ್ಯಾಟರಿಯಿಂದಲೇ ದಪ್ಪನೆಯ ತಾಮ್ರದ ತಂತಿ ಎಳೆದರು. ಬ್ಯಾಟರಿಯ ಪಕ್ಕದಲ್ಲೇ ದೊಡ್ಡ ಫ್ಯೂಸ್ ಇಟ್ಟರು. ಕಂಪ್ರೆಸರ್ ಚಾಲೂ ಆಗುವಾಗ ಹೆಚ್ಚು ವಿದ್ಯುತ್ ಸೆಳೆಯುವುದರಿಂದ 1000 ವಾಟಿನ ಶುದ್ಧ ಸೈನ್ ತರಂಗದ ಇನ್ವರ್ಟರನ್ನು ಗಾಳಿಯಾಡುವಲ್ಲಿ ಬಿಗಿದು, ಹಿಂದಿನ ಸೀಟಿನ ಬಳಿ ಮನೆಯಂಥದೇ ಸಾಕೆಟ್ ಕೂರಿಸಿದರು. "ಇಂಜಿನ್ ನಿಲ್ಲಿಸಿ ಇದನ್ನು ಓಡಿಸಬೇಡಿ, ಆಮೇಲೆ ಗಾಡಿ ಸ್ಟಾರ್ಟ್ ಆಗುವುದಿಲ್ಲ" ಎಂದರು. ವೈದ್ಯರ ಒಪ್ಪಿಗೆ ಪಡೆದು, ಆಪತ್ತಿಗಿರಲೆಂದು ಆಮ್ಲಜನಕದ ಸಿಲಿಂಡರೊಂದನ್ನೂ ಇಟ್ಟುಕೊಂಡು ಹೊರಟೆವು.

ಇಂಥ ಸಾಕೆಟ್ಟು ಐಷಾರಾಮವೆಂದು ನಾನು ಮೊದಲು ಭಾವಿಸಿದ್ದೆ. ಆದರೆ 2001ರಲ್ಲಿ ಜಪಾನಿನಲ್ಲಿ ಬಂದ ಟೊಯೋಟಾ ಎಸ್ಟಿಮಾ ಹೈಬ್ರಿಡ್ ಕಾರಿನಲ್ಲಿ 100 ವೋಲ್ಟಿನ, 1500 ವಾಟಿನ ಸಾಕೆಟ್ ಇತ್ತು. 2011ರ ಮಾರ್ಚ್ ತಿಂಗಳ ಭೂಕಂಪ, ಸುನಾಮಿಗಳ ನಂತರ ಕತ್ತಲಾದ ಊರುಗಳಲ್ಲಿ ಅದು ನೆರವಾಯಿತು. ಇಂದಿನ ಕೆಲವು ವಿದ್ಯುತ್ ಕಾರುಗಳು 3 ಕಿಲೋವಾಟಿಗೂ ಹೆಚ್ಚು ಕೊಡಬಲ್ಲವು.

ಊರು ಹತ್ತಿರವಾದಂತೆ ಅಣ್ಣಯ್ಯ ಯಂತ್ರದ ಸದ್ದಿಗೆ ಕಿವಿಗೊಟ್ಟು, "ನಮ್ಮ ರೇಡಿಯೋ ಹೀಗೇ ಗುಂಯ್‌ಗುಡುತ್ತಿತ್ತಲ್ಲವೇನೋ?" ಎಂದ. ಅಂದು ಮನೆಗಾಗಿ ವಿದ್ಯುತ್ತನ್ನು ಗಾಡಿಯಲ್ಲಿ ಹೊತ್ತು ತಂದವನು ಅವನೇ. ಜಗಲಿಯಲ್ಲಿ ಕುಳಿತು ಅಂಗಳದ ಅಡಿಕೆಯನ್ನು ಕಣ್ತುಂಬ ನೋಡಿದ. ಮುಂದಿನ ಮಳೆಗಾಲಕ್ಕೆ ಅವನಿರಲಿಲ್ಲ.

ಆದ್ದರಿಂದ, ವಿದ್ಯಾರ್ಥಿಗಳೇ, ನಿಮ್ಮ ಹಳೆಯ ಉತ್ತರವನ್ನು ಈಗ ತಿದ್ದಿಕೊಳ್ಳಿ. ವೋಲ್ಟೇಜನ್ನು ಏರಿಸಿಕೊಳ್ಳಬಹುದು, ಅದಕ್ಕೆ ತೆರಬೇಕಾದ ಬೆಲೆಯನ್ನು ಹಿಂದಿರುವ ತಂತಿಯೂ ಬ್ಯಾಟರಿಯೂ ತೆರುತ್ತವೆ. ಇಷ್ಟನ್ನೂ ಬರೆದವರಿಗೆ ಮಾತ್ರ ಪೂರ್ಣ ಅಂಕ.